ಸುಂಕದ ಜಗಳ ಕ್ರಾಂತಿಯಾದ ಬೀದಿಗಳು: ಬಾಸ್ಟನ್ನಿನ ಒಂದು ನಡಿಗೆ ಪ್ರವಾಸದ ವಿಮರ್ಶೆ

ಬಾಸ್ಟನ್ ನಗರದ ಪಾದಚಾರಿ ಮಾರ್ಗಗಳ ಮೇಲೆ ಕೆಂಪು ಗೆರೆಯೊಂದು ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಸಾಗುತ್ತದೆ. ‘ಫ್ರೀಡಂ ಟ್ರೇಲ್’ ಎಂದು ಹೆಸರಾದ ಈ ದಾರಿ ಅಮೆರಿಕದ ಆರಂಭಕಾಲಕ್ಕೆ ಸಂಬಂಧಿಸಿದ 16 ಸ್ಥಳಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಅದರ ಮೇಲೆ ಪ್ರವಾಸಿಗರನ್ನು ಕರೆದೊಯ್ಯುವ ಮಾರ್ಗದರ್ಶಿಗಳಿಗೂ ಕೊರತೆಯಿಲ್ಲ. ಅವರಲ್ಲಿ ಹೆಚ್ಚಿನವರು ಮೂರು ಮೂಲೆಯ ಟೋಪಿ ಧರಿಸಿ, ವೀರಾವೇಶದ ಒಂದೆರಡು ಪ್ರಸಂಗಗಳನ್ನು ಹೇಳಿ, ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ಕಥೆಯೊಂದಿಗೆ ಮುಗಿಸುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಅದಕ್ಕಿಂತ ಬೇರೆಯಾದ ಒಂದು ನಡಿಗೆಯ ಬಗ್ಗೆ. ಸಣ್ಣ ಸಂಸ್ಥೆಯೊಂದು ನಡೆಸುವ ಈ ಅರ್ಧ ದಿನದ ಪ್ರವಾಸ ಒಂದೇ ಪ್ರಶ್ನೆಯನ್ನು ಹಿಡಿದು ಹೊರಡುತ್ತದೆ: ಗ್ಯಾಲನ್ನಿಗೆ, ಪೌಂಡಿಗೆ ಕೆಲವೇ ಪೆನ್ಸ್‌ಗಳ ಸುಂಕದ ಬಗ್ಗೆ ಶುರುವಾದ ತಕರಾರು ಹದಿನೈದು ವರ್ಷಗಳಲ್ಲಿ ಒಂದು ಸಾಮ್ರಾಜ್ಯವನ್ನು ಹೇಗೆ ಒಡೆಯಿತು? ಇಂಥ ವಿಷಯಾಧಾರಿತ ನಡಿಗೆಗಳನ್ನು ಆ ನಗರದಲ್ಲಿ ಹಲವರು ನಡೆಸುವುದರಿಂದ, ಸಂಸ್ಥೆಯ ಹೆಸರಿಗಿಂತ ನಡಿಗೆಯ ಕ್ರಮವನ್ನೂ ಗುಣಾವಗುಣಗಳನ್ನೂ ಹೇಳುವುದು ಹೆಚ್ಚು ಉಪಯುಕ್ತವೆಂದು ಭಾವಿಸಿದ್ದೇನೆ.

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಇತಿಹಾಸದಲ್ಲಿ ಆಸಕ್ತಿಯಿರುವ ಯಾರಾದರೂ ಬಾಸ್ಟನ್ನಿಗೆ ಹೋದರೆ ಈ ಬಗೆಯ ನಡಿಗೆಗೆ ಅರ್ಧ ದಿನ ಕೊಡಬೇಕು. ಕೆಲವು ದೊಡ್ಡ ಕೊರತೆಗಳಿವೆ, ಅವನ್ನೂ ಮುಂದೆ ಹೇಳುತ್ತೇನೆ. ಆದರೆ ತೆರಿಗೆಯ ಮೊತ್ತ ದೊಡ್ಡದಾಗಿದ್ದುದರಿಂದ ಜನ ಬಂಡೆದ್ದರು ಎಂಬ ಸಾಮಾನ್ಯ ತಿಳಿವಳಿಕೆಯನ್ನು ಇಷ್ಟು ಸಮರ್ಥವಾಗಿ ತಿದ್ದುವ ಮತ್ತೊಂದು ಪ್ರವಾಸವನ್ನು ನಾನು ಕಂಡಿಲ್ಲ.

ನಡಿಗೆ ಆರಂಭವಾಗುವುದು ಬಂದರಿನಲ್ಲಲ್ಲ, 1713ರಲ್ಲಿ ಕಟ್ಟಿದ ಓಲ್ಡ್ ಸ್ಟೇಟ್ ಹೌಸಿನಲ್ಲಿ. ಎತ್ತರದ ಗಾಜಿನ ಕಟ್ಟಡಗಳ ನಡುವೆ ಪುಟ್ಟದಾಗಿ ನಿಂತಿರುವ ಈ ಇಟ್ಟಿಗೆಯ ಕಟ್ಟಡದಲ್ಲಿ ಆಗ ಬ್ರಿಟಿಷ್ ವಸಾಹತಾಗಿದ್ದ ಮ್ಯಾಸಚೂಸೆಟ್ಸಿನ ಗವರ್ನರ್, ಅವರ ಮಂತ್ರಾಲೋಚನಾ ಸಭೆ ಮತ್ತು ಜನರು ಆರಿಸಿದ ಪ್ರತಿನಿಧಿಗಳ ಸಭೆ ಒಂದೇ ಸೂರಿನಡಿ ಕೂಡುತ್ತಿದ್ದವು. ಮೇಲ್ಮಹಡಿಯ ಕೋಣೆಯಲ್ಲಿ ನಮ್ಮನ್ನು ಕೂರಿಸಿ ಮಾರ್ಗದರ್ಶಿ 1761ರ ಫೆಬ್ರವರಿಯ ಒಂದು ಮೊಕದ್ದಮೆಯಿಂದ ಕಥೆ ಎತ್ತಿಕೊಂಡರು. ಸುಂಕದ ಅಧಿಕಾರಿಗಳಿಗೆ ಯಾವ ಮನೆಯನ್ನಾಗಲಿ, ಮಳಿಗೆಯನ್ನಾಗಲಿ, ನಿರ್ದಿಷ್ಟ ದೂರಿಲ್ಲದೆಯೇ ಶೋಧಿಸುವ ಸಾರ್ವತ್ರಿಕ ಆಜ್ಞಾಪತ್ರಗಳನ್ನು ಕೊಡಬಹುದೇ ಎಂಬುದು ಅಲ್ಲಿನ ಪ್ರಶ್ನೆ. ವರ್ತಕರ ಪರವಾಗಿ ವಕೀಲ ಜೇಮ್ಸ್ ಓಟಿಸ್ ಗಂಟೆಗಟ್ಟಲೆ ವಾದಿಸಿದರು. ವ್ಯಾಜ್ಯದಲ್ಲಿ ಅವರಿಗೆ ಜಯ ಸಿಗಲಿಲ್ಲ. ಆದರೆ ಅಂದು ಕೇಳುಗರ ನಡುವೆ ಕೂತಿದ್ದ ಯುವ ವಕೀಲ ಜಾನ್ ಆಡಮ್ಸ್, ಸ್ವಾತಂತ್ರ್ಯವೆಂಬ ಶಿಶು ಹುಟ್ಟಿದ್ದು ಅಲ್ಲಿ, ಆಗಲೇ ಎಂದು ತಮ್ಮ ಮುಪ್ಪಿನಲ್ಲಿ ಬರೆದರು. ಆ ಮಾತಿನಲ್ಲಿ ಮುಪ್ಪಿನ ನೆನಪಿನ ಬಣ್ಣ ಸ್ವಲ್ಪ ಸೇರಿರಬಹುದು. ಆದರೂ ಕಥೆಯನ್ನು ಇಲ್ಲಿಂದ ಶುರು ಮಾಡುವುದರಲ್ಲಿ ವಿವೇಕವಿದೆ. ತೆರಿಗೆಯ ಜಗಳ ಮೊದಲು ಕಾಣಿಸಿಕೊಂಡದ್ದು ತೆರಿಗೆಯ ದರದಲ್ಲಲ್ಲ, ವಸೂಲಿಯ ವಿಧಾನದಲ್ಲಿ ಎಂಬುದು ಕೇಳುವವರಿಗೆ ಮೊದಲ ಹೆಜ್ಜೆಯಲ್ಲೇ ಮನದಟ್ಟಾಗುತ್ತದೆ.

ಅಲ್ಲಿಂದ ಮಾತು ಸಾಲದ ಕಡೆಗೆ ಹೊರಳಿತು. ಫ್ರಾನ್ಸಿನ ವಿರುದ್ಧದ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನು ಗೆದ್ದಿತ್ತು, ಆದರೆ ಯುದ್ಧದ ಆರಂಭದಲ್ಲಿ ಸುಮಾರು 7.5 ಕೋಟಿ ಪೌಂಡ್ ಇದ್ದ ಅದರ ಸಾರ್ವಜನಿಕ ಸಾಲ 13 ಕೋಟಿಯ ಆಚೆ ಏರಿತ್ತು. ಅಮೆರಿಕದಲ್ಲಿ ಉಳಿಸಿಕೊಂಡ ಸೈನ್ಯದ ಖರ್ಚಿನಲ್ಲಿ ಒಂದು ಪಾಲನ್ನಾದರೂ ಅಲ್ಲಿಯವರೇ ಹೊರಲಿ ಎಂಬ ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಅವರ ವಾದ ಲಂಡನ್ನಿನಲ್ಲಿ ಕುಳಿತವರಿಗೆ ತೀರ ನ್ಯಾಯವಾಗಿಯೇ ಕಂಡಿತು; ಬ್ರಿಟನ್ನಿನ ಪ್ರಜೆಗಳು ಆಗಲೇ ವಸಾಹತಿನವರಿಗಿಂತ ಬಹಳ ಹೆಚ್ಚು ತೆರಿಗೆ ಕಟ್ಟುತ್ತಿದ್ದರು. ಮಾರ್ಗದರ್ಶಿ ಈ ವಾದವನ್ನು ಹಗುರಾಗಿಸದೆ, ಅದರ ಪೂರ್ತಿ ತೂಕದೊಂದಿಗೆ ಮಂಡಿಸಿದ್ದು ನನಗೆ ಬಹಳ ಹಿಡಿಸಿತು. 1764ರ ಸಕ್ಕರೆ ಕಾಯ್ದೆಯ ವಿಚಾರದಲ್ಲಂತೂ ಅವರ ವಿವರಣೆ ಅಚ್ಚುಕಟ್ಟಾಗಿತ್ತು. ರಮ್ ತಯಾರಿಕೆಗೆ ಬೇಕಾದ ಕಾಕಂಬಿಯ ಮೇಲೆ 1733ರಿಂದಲೇ ಗ್ಯಾಲನ್ನಿಗೆ ಆರು ಪೆನ್ಸ್ ಸುಂಕವಿತ್ತು. ಅದನ್ನು ಕಟ್ಟುತ್ತಿದ್ದವರು ಕಡಿಮೆ, ಅಧಿಕಾರಿಗಳ ಕೈ ಬೆಚ್ಚಗೆ ಮಾಡಿ ಸರಕು ಇಳಿಸಿಕೊಳ್ಳುತ್ತಿದ್ದವರೇ ಹೆಚ್ಚು. ಹೊಸ ಕಾಯ್ದೆ ಅದನ್ನು ಮೂರು ಪೆನ್ಸಿಗೆ ಇಳಿಸಿತು. ಇಳಿಸಿದ ಸುಂಕವೇ ಜಗಳಕ್ಕೆ ಕಾರಣವಾಯಿತು, ಏಕೆಂದರೆ ಈ ಬಾರಿ ಅದನ್ನು ನಿಜವಾಗಿ ವಸೂಲು ಮಾಡುವ ಉದ್ದೇಶವಿತ್ತು. ಸಿಕ್ಕಿಬಿದ್ದವರ ವಿಚಾರಣೆಯನ್ನು ಊರಿನ ಜ್ಯೂರಿಯ ಮುಂದೆ ನಡೆಸದೆ, ಜ್ಯೂರಿಯೇ ಇಲ್ಲದ ನೌಕಾ ನ್ಯಾಯಾಲಯಗಳಿಗೆ ಒಯ್ಯಲು ಅವಕಾಶವಿತ್ತು.

ಈ ನಡಿಗೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಛಾಪಾ ಕಾಗದದ್ದು. ವಾಷಿಂಗ್ಟನ್ ಬೀದಿಯಲ್ಲಿ ದಕ್ಷಿಣಕ್ಕೆ ನಡೆಯುವ ಮೊದಲು ಮಾರ್ಗದರ್ಶಿ ತಮ್ಮ ಚೀಲದಿಂದ 1765ರ ಸ್ಟ್ಯಾಂಪ್ ಕಾಯ್ದೆಯ ಕಾಲದ ಒಂದು ದಸ್ತಾವೇಜಿನ ಪ್ರತಿಕೃತಿಯನ್ನು ತೆಗೆದು ಎಲ್ಲರ ಕೈಗೂ ದಾಟಿಸಿದರು. ಮೂಲೆಯಲ್ಲಿ ಬಣ್ಣವಿಲ್ಲದ ಉಬ್ಬಚ್ಚು. ದೂರದಿಂದ ನೋಡಿದರೆ ಏನೂ ಕಾಣುವುದಿಲ್ಲ, ಬೆರಳಾಡಿಸಿದರೆ ಕಿರೀಟದ ಆಕಾರ ತಿಳಿಯುತ್ತದೆ. ಜಮೀನಿನ ಪತ್ರ, ಮದ್ಯದಂಗಡಿಯ ಪರವಾನಗಿ, ನ್ಯಾಯಾಲಯದ ಅರ್ಜಿ, ವೃತ್ತಪತ್ರಿಕೆ, ಪಂಚಾಂಗ, ಇಸ್ಪೀಟು ಎಲೆ, ಪಗಡೆ ದಾಳ, ಇವೆಲ್ಲಕ್ಕೂ ಈ ಅಚ್ಚು ಬೇಕಾಗಿತ್ತು. ಇಸ್ಪೀಟಿನ ಒಂದು ಕಟ್ಟಿಗೆ ಒಂದು ಶಿಲಿಂಗ್, ಒಂದು ಜೋಡಿ ದಾಳಕ್ಕೆ ಹತ್ತು ಶಿಲಿಂಗ್, ಕಾಲೇಜಿನ ಪದವಿಪತ್ರಕ್ಕೆ ಎರಡು ಪೌಂಡ್. ಕಾಕಂಬಿಯ ಸುಂಕ ಕೆಲವು ವರ್ತಕರನ್ನಷ್ಟೇ ತಟ್ಟಿತ್ತು. ಕಾಗದದ ಮೇಲಿನ ತೆರಿಗೆ ವಕೀಲರು, ಮುದ್ರಕರು, ಹೋಟೆಲು ನಡೆಸುವವರು, ನಾವಿಕರು, ಸಾಲ ಮಾಡುವವರು, ಮದುವೆಯಾಗುವವರು ಎಲ್ಲರನ್ನೂ ಒಂದೇ ಸಲಕ್ಕೆ ತಟ್ಟಿತು. ಅದರಲ್ಲಿಯೂ ಊರೂರಿಗೆ ಸುದ್ದಿ ಮುಟ್ಟಿಸುವ ಪತ್ರಿಕೆಯವರನ್ನೂ ವಾದಿಸುವುದೇ ಕಸುಬಾದ ವಕೀಲರನ್ನೂ ಏಕಕಾಲಕ್ಕೆ ಎದುರು ಹಾಕಿಕೊಂಡದ್ದು ಎಂಥ ರಾಜಕೀಯ ಅವಿವೇಕವೆಂಬುದು ಆ ಕಾಗದವನ್ನು ಕೈಯಲ್ಲಿ ಹಿಡಿದು ನಿಂತಾಗ ಸ್ಪಷ್ಟವಾಗುತ್ತದೆ.

ಕೆಂಪು ಗೆರೆಯನ್ನು ಬಿಟ್ಟು ನಾವು ಹೋದದ್ದು ‘ಲಿಬರ್ಟಿ ಟ್ರೀ’ ಇದ್ದ ಮೂಲೆಗೆ. ಮರ ಈಗಿಲ್ಲ, 1775ರಲ್ಲಿ ರಾಜನಿಷ್ಠರ ಗುಂಪು ಅದನ್ನು ಕಡಿದುಹಾಕಿತು. ಎದುರಿನ ಕಟ್ಟಡದ ಗೋಡೆಯಲ್ಲಿ, ತಲೆಯೆತ್ತಿ ಹುಡುಕಿದರೆ ಮಾತ್ರ ಕಾಣುವಷ್ಟು ಎತ್ತರದಲ್ಲಿ, ಆ ಮರದ ಉಬ್ಬುಶಿಲ್ಪವೊಂದಿದೆ. 1765ರ ಆಗಸ್ಟ್ 14ರಂದು ಛಾಪಾ ಕಾಗದ ಹಂಚುವ ಕೆಲಸಕ್ಕೆ ನೇಮಕಗೊಂಡಿದ್ದ ಆಂಡ್ರ್ಯೂ ಆಲಿವರ್ ಅವರ ಪ್ರತಿಕೃತಿಯನ್ನು ಈ ಮರಕ್ಕೆ ನೇತುಹಾಕಿದ್ದರು. ಚಮ್ಮಾರ ವೃತ್ತಿಯ ಎಬನೀಜರ್ ಮ್ಯಾಕಿಂಟಾಷ್ ಮುಂದಾಳಾಗಿದ್ದ ಗುಂಪು ಅದೇ ದಿನ ಆಲಿವರ್ ಅವರ ಮನೆಗೆ ನುಗ್ಗಿತು, ಅವರು ಹುದ್ದೆ ತೊರೆಯುವುದಾಗಿ ಒಪ್ಪಿದರು. ಹನ್ನೆರಡು ದಿನಗಳ ನಂತರ ಉಪ ಗವರ್ನರ್ ಥಾಮಸ್ ಹಚಿನ್ಸನ್ ಅವರ ಮನೆಯನ್ನು ಒಂದೇ ರಾತ್ರಿಯಲ್ಲಿ ಒಳಗಿನಿಂದ ಬರಿದು ಮಾಡಲಾಯಿತು. ಪೀಠೋಪಕರಣ, ಬೆಳ್ಳಿ, ಹಣ ಹೋದದ್ದಲ್ಲದೆ ಅವರು ವರ್ಷಗಳಿಂದ ಕೂಡಿಹಾಕಿದ್ದ ಇತಿಹಾಸದ ಹಸ್ತಪ್ರತಿಗಳು ಬೀದಿಯ ಕೆಸರಿಗೆ ಬಿದ್ದವು. ಸ್ಟ್ಯಾಂಪ್ ಕಾಯ್ದೆ ಸಲ್ಲದೆಂದು ಖಾಸಗಿಯಾಗಿ ಅಭಿಪ್ರಾಯಪಟ್ಟಿದ್ದ ವ್ಯಕ್ತಿಗೇ ಈ ಗತಿ ಬಂತು. ಇದನ್ನು ಹೇಳುವಾಗ ಮಾರ್ಗದರ್ಶಿ ಗುಂಪಿನ ಹಿಂಸೆಯನ್ನು ಮುಚ್ಚಿಡಲಿಲ್ಲ. ವೀರಗಾಥೆಯನ್ನಷ್ಟೇ ಕೇಳಲು ಬಂದವರಿಗೆ ಇದು ರುಚಿಸದಿರಬಹುದು, ನನಗೆ ಇದೇ ಈ ಪ್ರವಾಸದ ಪ್ರಾಮಾಣಿಕತೆಯ ಗುರುತಾಗಿ ಕಂಡಿತು.

ಇಲ್ಲಿಯೇ ನಡಿಗೆಯ ತಿರುಳಾದ ಮಾತೂ ಬಂತು. ಸ್ಟ್ಯಾಂಪ್ ಕಾಯ್ದೆ 1765ರ ನವೆಂಬರ್ 1ರಂದು ಜಾರಿಗೆ ಬರಬೇಕಿತ್ತು. 1766ರ ಮಾರ್ಚ್ 18ರಂದು ಪಾರ್ಲಿಮೆಂಟು ಅದನ್ನು ಹಿಂತೆಗೆದುಕೊಂಡಿತು. ಅಲ್ಲಿಗೆ ಜಗಳ ಮುಗಿಯಬೇಕಿತ್ತು. ಮುಗಿಯದಿರಲು ಎರಡು ಕಾರಣಗಳು. ಒಂದು, ವಸಾಹತುಗಳನ್ನು ಎಲ್ಲ ವಿಷಯಗಳಲ್ಲಿಯೂ ಬದ್ಧಗೊಳಿಸುವ ಶಾಸನಾಧಿಕಾರ ತನಗಿದೆ ಎಂದು ಸಾರುವ ಇನ್ನೊಂದು ಕಾಯ್ದೆಯನ್ನು ಪಾರ್ಲಿಮೆಂಟು ಅದೇ ದಿನ ಅಂಗೀಕರಿಸಿತು. ಹಣ ಬಿಟ್ಟುಕೊಟ್ಟು ಹಕ್ಕನ್ನು ಉಳಿಸಿಕೊಂಡಿತು. ಎರಡನೆಯದು ಇನ್ನೂ ಮುಖ್ಯವಾದುದು. ಪ್ರತಿಭಟನೆಗೆಂದು ಹುಟ್ಟಿಕೊಂಡ ಏರ್ಪಾಡುಗಳು ತೆರಿಗೆ ಹೋದ ಮೇಲೂ ಉಳಿದುಕೊಂಡವು. 1765ರ ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ, ತಾವು ಆರಿಸಿದ ಸಭೆಗಳ ಒಪ್ಪಿಗೆಯಿಲ್ಲದೆ ತಮ್ಮ ಮೇಲೆ ತೆರಿಗೆ ಹಾಕುವಂತಿಲ್ಲವೆಂದು ನಿರ್ಣಯಿಸಿದ್ದರು. ಬೇರೆಬೇರೆ ಬಂದರುಗಳ ವರ್ತಕರು ಬ್ರಿಟಿಷ್ ಸರಕು ತರಿಸುವುದಿಲ್ಲವೆಂದು ಒಪ್ಪಂದಕ್ಕೆ ಸಹಿ ಹಾಕಲು ಕಲಿತಿದ್ದರು. ‘ಸನ್ಸ್ ಆಫ್ ಲಿಬರ್ಟಿ’ ಎಂಬ ಗುಂಪುಗಳು ಊರಿಂದೂರಿಗೆ ಪತ್ರ ಬರೆಯತೊಡಗಿದ್ದವು. ಅಲ್ಲಿಯವರೆಗೆ ಪರಸ್ಪರರಿಗಿಂತ ಲಂಡನ್ನಿನೊಡನೆಯೇ ಹೆಚ್ಚು ವ್ಯವಹರಿಸುತ್ತಿದ್ದ ವಸಾಹತುಗಳಿಗೆ ಇದು ಹೊಸ ಅಭ್ಯಾಸ. ಪ್ರತಿಯೊಂದು ತೆರಿಗೆಯೂ ಬಂದು ಹೋಗುವಾಗ ತನ್ನ ಹಿಂದೆ ಒಂದು ಸಮಿತಿಯನ್ನು ಬಿಟ್ಟುಹೋಯಿತು, ಆ ಸಮಿತಿಗಳೇ ಮುಂದೆ ಸರ್ಕಾರವಾದವು ಎಂಬ ಈ ಎಳೆಯನ್ನು ಹಿಡಿದೇ ಉಳಿದ ನಡಿಗೆಯೆಲ್ಲ ಸಾಗುತ್ತದೆ. ಇದು ನನಗೆ ಸರಿಯೆನಿಸಿದ ವಿವರಣೆ. ಸಿಟ್ಟು ಎಷ್ಟೇ ದೊಡ್ಡದಿದ್ದರೂ ಒಂದು ಋತುವಿನಲ್ಲಿ ಆರಿಹೋಗುತ್ತದೆ. ಸಭೆಯ ನಡಾವಳಿ, ಪತ್ರವ್ಯವಹಾರ, ಸಹಿ ಹಾಕಿದವರ ಪಟ್ಟಿ ಇವು ಉಳಿಯುತ್ತವೆ.

ಅಲ್ಲಿಂದ ಗ್ರ್ಯಾನರಿ ಸ್ಮಶಾನದ ಮೂಲಕ ಮತ್ತೆ ಓಲ್ಡ್ ಸ್ಟೇಟ್ ಹೌಸಿಗೆ ಬಂದೆವು. ಕಾಲಾನುಕ್ರಮವನ್ನು ಬಿಡದೆ ಹೇಳುವ ಹಟದಿಂದಾಗಿ ಒಂದೇ ಪ್ರದೇಶವನ್ನು ಎರಡು ಸಲ ಹಾಯಬೇಕಾಗುತ್ತದೆ. ಮಂಡಿನೋವಿರುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಕ್ರಮ ಕೆಡಿಸಿ ದಾರಿ ಉಳಿಸುವುದಕ್ಕಿಂತ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ.

1767ರ ಟೌನ್‌ಶೆಂಡ್ ಕಾಯ್ದೆಗಳನ್ನು ವಿವರಿಸಿದ ರೀತಿ ಅತ್ಯುತ್ತಮವಾಗಿತ್ತು. ಗಾಜು, ಸೀಸ, ಬಣ್ಣ, ಕಾಗದ, ಚಹಾ ಈ ಐದು ಬಗೆಯ ಆಮದು ಸರಕಿನ ಮೇಲಿನ ಸುಂಕ ಎಂದಷ್ಟೇ ಶಾಲಾ ಪುಸ್ತಕಗಳು ಹೇಳುತ್ತವೆ. ಆ ಹಣ ಎಲ್ಲಿಗೆ ಹೋಗಬೇಕಿತ್ತು ಎಂಬ ಪ್ರಶ್ನೆಯನ್ನು ಮಾರ್ಗದರ್ಶಿ ನಮ್ಮ ಮುಂದಿಟ್ಟರು. ಗವರ್ನರ್ ಮತ್ತು ನ್ಯಾಯಾಧೀಶರ ಸಂಬಳಕ್ಕೆ. ಆ ತನಕ ಮ್ಯಾಸಚೂಸೆಟ್ಸಿನ ಗವರ್ನರಿಗೆ ಸಂಬಳ ಮಂಜೂರು ಮಾಡುತ್ತಿದ್ದದ್ದು ಜನರ ಪ್ರತಿನಿಧಿ ಸಭೆ. ರಾಜನಿಂದ ನೇಮಕಗೊಂಡವನಾದರೂ ಗವರ್ನರ್ ಆ ಸಭೆಯ ಮನಸ್ಸನ್ನು ತೀರ ಕಡೆಗಣಿಸುವಂತಿರಲಿಲ್ಲ. ಸುಂಕದ ಹಣದಿಂದ ನೇರವಾಗಿ ಸಂಬಳ ಬರತೊಡಗಿದರೆ ಸಭೆಯ ಕೈಯಲ್ಲಿದ್ದ ಆ ಏಕೈಕ ಹಿಡಿತವೂ ತಪ್ಪಿಹೋಗುತ್ತಿತ್ತು. ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ ಎಂಬ ಘೋಷಣೆಯ ಹಿಂದೆ ಆಡಳಿತದ ಇಷ್ಟು ನಿರ್ದಿಷ್ಟವಾದ ಒಂದು ಭಯವಿತ್ತೆಂಬುದನ್ನು, ಆ ಪ್ರತಿನಿಧಿಗಳು ಕೂತು ಚರ್ಚಿಸುತ್ತಿದ್ದ ಕಟ್ಟಡದ ನೆರಳಿನಲ್ಲೇ ನಿಂತು ಕೇಳುವುದು ಬೇರೆಯೇ ಅನುಭವ. 1766ರಲ್ಲಿ ಆ ಸಭಾಂಗಣದಲ್ಲಿ ಸಾರ್ವಜನಿಕರು ಕೂತು ಕಲಾಪ ನೋಡಲು ಗ್ಯಾಲರಿಯನ್ನೂ ಕಟ್ಟಿದ್ದರು ಎಂಬ ವಿವರವನ್ನು ಅವರು ಸೇರಿಸಿದರು.

ಹೊಸ ಸುಂಕ ವಸೂಲಿಗೆ ಐವರು ಕಮಿಷನರುಗಳ ಮಂಡಳಿ ಬಾಸ್ಟನ್ನಿನಲ್ಲೇ ಬೀಡುಬಿಟ್ಟಿತು. 1768ರ ಜೂನಿನಲ್ಲಿ ಊರಿನ ಶ್ರೀಮಂತ ವರ್ತಕ ಜಾನ್ ಹ್ಯಾನ್‌ಕಾಕ್ ಅವರ ‘ಲಿಬರ್ಟಿ’ ಹಡಗನ್ನು ಜಪ್ತಿ ಮಾಡಿದಾಗ ಗಲಭೆಯಾಗಿ ಕಮಿಷನರುಗಳು ಬಂದರಿನ ಕೋಟೆಗೆ ಓಡಿಹೋದರು. ಅವರ ರಕ್ಷಣೆಗೆಂದು ಆ ವರ್ಷದ ಅಕ್ಟೋಬರ್ 1ರಂದು ಸೈನ್ಯ ಬಂದಿಳಿಯಿತು. ತೆರಿಗೆಯಿಂದ ಸೈನ್ಯ ಸಾಕುವುದು ಉದ್ದೇಶವಾಗಿತ್ತು. ಈಗ ತೆರಿಗೆ ವಸೂಲಿಗೇ ಸೈನ್ಯ ಬೇಕಾಯಿತು.

1770ರ ಮಾರ್ಚ್ 5ರಂದು ಸೈನಿಕರು ಜನರ ಗುಂಪಿನ ಮೇಲೆ ಗುಂಡು ಹಾರಿಸಿದ ಜಾಗದಲ್ಲಿ ಈಗ ದುಂಡುಕಲ್ಲುಗಳ ವೃತ್ತಾಕಾರದ ಗುರುತಿದೆ. ದುರದೃಷ್ಟವಶಾತ್ ಈ ಪ್ರವಾಸದ ಮೊದಲ ದೊಡ್ಡ ಕೊರತೆ ಕಂಡದ್ದೂ ಇಲ್ಲಿಯೇ. ವಾಹನಗಳ ಸದ್ದು, ಪಕ್ಕದಲ್ಲೇ ಸುರಂಗ ರೈಲಿನ ನಿಲ್ದಾಣದಿಂದ ಹೊರಬರುವ ಜನ, ಅದೇ ವೃತ್ತದ ಸುತ್ತ ಸರದಿಗೆ ಕಾಯುವ ಬೇರೆ ತಂಡಗಳು. ಸಂಸ್ಥೆಯು ಕೊಟ್ಟಿದ್ದ ಕಿವಿಯ ಸಾಧನ ಇಲ್ಲಿ ಪದೇಪದೇ ಕೈಕೊಟ್ಟಿತು, ಹಿಂದೆ ನಿಂತವರಿಗೆ ಅರ್ಧ ಮಾತೂ ಕೇಳಲಿಲ್ಲ. ಸಾಧನ ಬದಲಿಸಿಕೊಡಿ ಎಂದು ಕೇಳಿದಾಗ ಹೆಚ್ಚುವರಿ ಸಾಧನಗಳನ್ನು ತಂದೇ ಇಲ್ಲವೆಂಬ ಉತ್ತರ ಬಂತು. ಹಣ ಪಡೆದು ನಡೆಸುವ ಸೇವೆಯಲ್ಲಿ ಇದು ಕ್ಷಮ್ಯವಲ್ಲ. ಕೇಳಿಸಿದಷ್ಟು ಭಾಗವಂತೂ ಗಟ್ಟಿಯಾಗಿತ್ತು. ಸೈನಿಕರು ಗುಂಡು ಹಾರಿಸಿದ್ದು ಸುಂಕದ ಕಚೇರಿಯ ಎದುರು. ಗಲಾಟೆ ಶುರುವಾದದ್ದು ಆ ಕಚೇರಿಯನ್ನು ಕಾಯುತ್ತಿದ್ದ ಒಬ್ಬ ಕಾವಲುಗಾರನೊಂದಿಗೆ. ಕ್ರಿಸ್ಪಸ್ ಆಟಕ್ಸ್ ಸೇರಿ ಐವರು ಸತ್ತರು. ಸೈನಿಕರ ಪರವಾಗಿ ವಾದಿಸಿದವರು ಅದೇ ಜಾನ್ ಆಡಮ್ಸ್; ಆರು ಮಂದಿ ಸೈನಿಕರು ಖುಲಾಸೆಯಾದರು, ಇಬ್ಬರ ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟರು. ಅದೇ ಮಾರ್ಚ್ 5ರಂದು ಲಂಡನ್ನಿನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಚಹಾವನ್ನು ಬಿಟ್ಟು ಉಳಿದ ಸರಕುಗಳ ಮೇಲಿನ ಟೌನ್‌ಶೆಂಡ್ ಸುಂಕಗಳನ್ನು ರದ್ದು ಮಾಡುವ ಪ್ರಸ್ತಾವ ಮಂಡಿಸುತ್ತಿದ್ದರು. ಸಮುದ್ರದ ಎರಡು ದಡಗಳ ನಡುವೆ ಸುದ್ದಿ ಮುಟ್ಟಲು ವಾರಗಟ್ಟಲೆ ಬೇಕಾಗಿದ್ದ ಕಾಲದಲ್ಲಿ ರಿಯಾಯಿತಿ ಮತ್ತು ರಕ್ತಪಾತ ಒಂದೇ ದಿನ ನಡೆದವು.

ಫ್ಯಾನ್ಯುಯಲ್ ಹಾಲಿನಲ್ಲಿ ನಮ್ಮ ತಂಡ ನಿಂತದ್ದು ಸ್ವಲ್ಪ ಹೊತ್ತು ಮಾತ್ರ. ಇವತ್ತಿನ ಕಟ್ಟಡ 1805ರ ಸುಮಾರಿಗೆ ದೊಡ್ಡದು ಮಾಡಿದ್ದಾದರೂ, ಊರಸಭೆಗಳು ನಡೆಯುತ್ತಿದ್ದುದು ಇಲ್ಲಿಯೇ. ನ್ಯಾಯಾಧೀಶರ ಸಂಬಳವೂ ರಾಜನ ಖಜಾನೆಯಿಂದ ಬರಲಿದೆ ಎಂಬ ಸುದ್ದಿ ಬಂದ ಬೆನ್ನಿಗೆ 1772ರ ನವೆಂಬರ್ 2ರಂದು ಬಾಸ್ಟನ್ನಿನ ಪ್ರತಿಭಟನೆಯ ಮುಂದಾಳು ಸ್ಯಾಮ್ಯುಯೆಲ್ ಆಡಮ್ಸ್ ಅವರ ಸೂಚನೆಯಂತೆ 21 ಜನರ ಪತ್ರವ್ಯವಹಾರ ಸಮಿತಿ ರಚನೆಯಾಯಿತು. ಅದರ ಪತ್ರಕ್ಕೆ ಪ್ರಾಂತದ ನೂರಕ್ಕೂ ಹೆಚ್ಚು ಊರುಗಳು ಉತ್ತರಿಸಿದವು. ಇಷ್ಟನ್ನು ಚೆನ್ನಾಗಿ ಹೇಳಿದ ಮಾರ್ಗದರ್ಶಿ, ಈ ಭವನವನ್ನು ಊರಿಗೆ ದಾನ ಕೊಟ್ಟ ಪೀಟರ್ ಫ್ಯಾನ್ಯುಯಲ್ ಅವರ ಸಂಪತ್ತಿನಲ್ಲಿ ಗುಲಾಮರ ವ್ಯಾಪಾರದ ಹಣವೂ ಇತ್ತೆಂಬುದನ್ನು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟರು. ಕಾಕಂಬಿ ಎಲ್ಲಿಂದ ಬರುತ್ತಿತ್ತು, ಕೆರಿಬಿಯನ್ ದ್ವೀಪಗಳ ಕಬ್ಬಿನ ಗದ್ದೆಗಳಲ್ಲಿ ಅದಕ್ಕಾಗಿ ಯಾರು ದುಡಿಯುತ್ತಿದ್ದರು ಎಂಬ ಪ್ರಶ್ನೆ ಬೆಳಗ್ಗಿನ ಸಕ್ಕರೆ ಕಾಯ್ದೆಯ ಮಾತಿನ ಜೊತೆಯಲ್ಲೇ ಬರಬೇಕಾಗಿತ್ತು. ಒಪ್ಪಿಗೆಯಿಲ್ಲದೆ ಹಣ ಕೀಳುವುದು ದಾಸ್ಯಕ್ಕೆ ಸಮ ಎಂದು ಬರೆಯುತ್ತಿದ್ದ ಜನರ ನಡುವೆಯೇ ನಿಜವಾದ ದಾಸ್ಯದಲ್ಲಿದ್ದವರೂ ಬದುಕುತ್ತಿದ್ದರು. ತೆರಿಗೆಯ ಕಥೆಯನ್ನು ಹೇಳುವ ಪ್ರವಾಸ ಇದನ್ನು ಬದಿಯ ವಿಷಯವಾಗಿ ನೋಡಬಾರದು.

1729ರಲ್ಲಿ ಕಟ್ಟಿದ ಓಲ್ಡ್ ಸೌತ್ ಪ್ರಾರ್ಥನಾ ಮಂದಿರ ಈ ನಡಿಗೆಯ ಶಿಖರ. ಫ್ಯಾನ್ಯುಯಲ್ ಹಾಲಿನಲ್ಲಿ ಜನ ಹಿಡಿಸದ ಕಾರಣ 1773ರ ಚಹಾ ಸಭೆಗಳು ಇಲ್ಲಿಗೆ ವರ್ಗವಾದವು. ಬಿಳಿ ಬಳಿದ ಎತ್ತರದ ಗೋಡೆಗಳು, ಬಾಗಿಲಿರುವ ಮರದ ಆಸನಗಳು, ಸುತ್ತ ಎರಡು ಅಂತಸ್ತಿನ ಗ್ಯಾಲರಿ. ಒಳಗೆ ಕೂತು ಐದು ಸಾವಿರ ಜನ ಒತ್ತರಿಸಿದ್ದರೆಂದು ಊಹಿಸಲು ಯತ್ನಿಸಿದರೆ ಉಸಿರು ಕಟ್ಟುತ್ತದೆ.

ಮೊದಲು ಚಹಾ ಏಕೆ ಬಂತೆಂದು ತಿಳಿಯಬೇಕು. ಈ ಭಾಗವನ್ನು ಕನ್ನಡದ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದರ ಬೇರು ನಮ್ಮ ಕಡೆಗೂ ಚಾಚಿದೆ. ಈಸ್ಟ್ ಇಂಡಿಯಾ ಕಂಪನಿ ಆಗ ದಿವಾಳಿಯ ಅಂಚಿನಲ್ಲಿತ್ತು. ಹೈದರಾಲಿಯ ಕುದುರೆಪಡೆ ಮದರಾಸಿನ ಬಾಗಿಲಿಗೆ ಬಂದ ಸುದ್ದಿಗೆ 1769ರಲ್ಲಿ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿದಿತ್ತು. ಬಂಗಾಳದಲ್ಲಿ ಭೀಕರ ಕ್ಷಾಮ ಬಂತು. 1772ರಲ್ಲಿ ಬ್ರಿಟನ್ನಿನಲ್ಲಿ ಸಾಲದ ಮಾರುಕಟ್ಟೆಯೇ ಕುಸಿಯಿತು. ಮಳಿಗೆಗಳಲ್ಲಿ ಸುಮಾರು 1.7 ಕೋಟಿ ಪೌಂಡ್ ತೂಕದ ಚಹಾ ಮಾರಾಟವಾಗದೆ ಬಿದ್ದಿತ್ತು. ಕಂಪನಿಯನ್ನು ಉಳಿಸಲು 1773ರ ಮೇ ತಿಂಗಳಿನಲ್ಲಿ ಬಂದ ಚಹಾ ಕಾಯ್ದೆ ಹೊಸ ತೆರಿಗೆಯನ್ನೇನೂ ಹಾಕಲಿಲ್ಲ. ಲಂಡನ್ನಿನ ಹರಾಜನ್ನೂ ನಡುವಿನ ವ್ಯಾಪಾರಿಗಳನ್ನೂ ಬಿಟ್ಟು, ಕಂಪನಿ ತಾನೇ ಆರಿಸಿದ ಏಜೆಂಟರಿಗೆ ನೇರವಾಗಿ ಚಹಾ ಕಳುಹಿಸಲು ಅನುಮತಿ ನೀಡಿತು, ಬ್ರಿಟನ್ನಿನಲ್ಲಿ ಕಟ್ಟಿದ ಸುಂಕವನ್ನು ವಾಪಸು ಕೊಟ್ಟಿತು. ಅಮೆರಿಕದಲ್ಲಿ ಕಟ್ಟಬೇಕಾದ ಪೌಂಡಿಗೆ ಮೂರು ಪೆನ್ಸ್ ಸುಂಕವನ್ನು ಮಾತ್ರ ಉಳಿಸಿತು. ಹಾಗಾಗಿ ಚಹಾ ಅಗ್ಗವಾಗುತ್ತಿತ್ತು, ಕಳ್ಳಸಾಗಣೆಯ ಡಚ್ ಚಹಾದೊಡನೆ ಪೈಪೋಟಿ ಮಾಡುವಷ್ಟು. ಅಗ್ಗದ ಚಹಾ ಕುಡಿಯುವ ಪ್ರತಿಯೊಬ್ಬನೂ ಪಾರ್ಲಿಮೆಂಟಿನ ತೆರಿಗೆ ಹಾಕುವ ಹಕ್ಕನ್ನು ಒಪ್ಪಿಕೊಂಡಂತೆ ಎಂಬುದು ವಿರೋಧಿಗಳ ಆತಂಕ. ಇವತ್ತು ಚಹಾದಲ್ಲಿ ಆದ ಏಕಸ್ವಾಮ್ಯ ನಾಳೆ ಇತರ ಸರಕುಗಳಿಗೂ ಬರಬಹುದೆಂಬುದು ವರ್ತಕರ ಆತಂಕ. ಬಾಸ್ಟನ್ನಿನಲ್ಲಿ ಕಂಪನಿ ಆರಿಸಿದ ಏಜೆಂಟರಲ್ಲಿ ಅಷ್ಟರಲ್ಲಿ ಗವರ್ನರ್ ಆಗಿದ್ದ ಹಚಿನ್ಸನ್ ಅವರ ಇಬ್ಬರು ಮಕ್ಕಳೂ ಇದ್ದರು.

ಮಂದಿರದ ಆಸನಗಳಲ್ಲಿ ನಮ್ಮನ್ನು ಕೂರಿಸಿ ಮಾರ್ಗದರ್ಶಿ ದಿನಾಂಕಗಳ ಲೆಕ್ಕವನ್ನು ಬಿಡಿಸಿದ್ದು ನೆನಪಿನಲ್ಲಿ ಉಳಿಯುವಂಥದ್ದು. ಕಂಪನಿಯ ಚಹಾ ಹೊತ್ತ ‘ಡಾರ್ಟ್‌ಮತ್’ ಹಡಗು ಬಂದದ್ದು ನವೆಂಬರ್ 28ರಂದು. ಬಂದ 20 ದಿನಗಳೊಳಗೆ ಸುಂಕ ಕಟ್ಟದಿದ್ದರೆ ಅಧಿಕಾರಿಗಳು ಸರಕನ್ನು ವಶಪಡಿಸಿಕೊಳ್ಳಬಹುದಿತ್ತು. ವಶಪಡಿಸಿಕೊಂಡರೆ ಚಹಾ ದಡಕ್ಕೆ ಬಂದಂತೆಯೇ. ಗಡುವು ಮುಗಿಯುವ ಹಿಂದಿನ ದಿನ, ಡಿಸೆಂಬರ್ 16ರಂದು, ಹಡಗಿನ ಮಾಲೀಕ ಫ್ರಾನ್ಸಿಸ್ ರಾಚ್ ಅವರನ್ನು ಮಿಲ್ಟನ್ನಿನ ಮನೆಯಲ್ಲಿದ್ದ ಗವರ್ನರ್ ಬಳಿಗೆ ಕಳುಹಿಸಿ, ಚಹಾ ಸಮೇತ ಹಡಗು ಹಿಂತಿರುಗಲು ಪರವಾನಗಿ ಕೇಳಿಸಲಾಯಿತು. ಸಭೆ ಕತ್ತಲಾಗುವವರೆಗೆ ಕಾಯಿತು. ಸುಂಕ ಕಟ್ಟದ ಹಡಗಿಗೆ ಪರವಾನಗಿ ಕೊಡಲಾಗದೆಂಬ ಉತ್ತರ ಹೊತ್ತು ರಾಚ್ ಮರಳಿದರು. ಕಾನೂನಿನ ಎಲ್ಲ ದಾರಿಗಳೂ ಒಂದೊಂದಾಗಿ ಮುಚ್ಚುವವರೆಗೆ ಸಭೆ ಕಾದಿತ್ತು ಎಂಬುದು, ದೊಡ್ಡದೊಂದು ಅಪರಾಧಕ್ಕೂ ಅವರು ಹೇಗೆ ನಡಾವಳಿಯ ಶಿಸ್ತನ್ನು ತೊಡಿಸಿದರು ಎಂಬುದು, ಆ ಆಸನಗಳಲ್ಲಿ ಕೂತಾಗ ತಿಳಿಯುವಷ್ಟು ಪುಸ್ತಕದಲ್ಲಿ ತಿಳಿಯುವುದಿಲ್ಲ. ಆ ರಾತ್ರಿ ಗ್ರಿಫಿನ್ ದಕ್ಕೆಯಲ್ಲಿದ್ದ ‘ಡಾರ್ಟ್‌ಮತ್’, ‘ಎಲಿನರ್’, ‘ಬೀವರ್’ ಹಡಗುಗಳ 342 ಪೆಟ್ಟಿಗೆ ಚಹಾ ನೀರು ಪಾಲಾಯಿತು. ಕಂಪನಿ ಅದಕ್ಕೆ ಕಟ್ಟಿದ ಬೆಲೆ 9,659 ಪೌಂಡ್. ಎಲ್ಲವೂ ಚೀನಾದ ಚಹಾ. ಇಳಿತದ ಸಮಯವಾದ್ದರಿಂದ ಎಲೆಯ ರಾಶಿ ಹಡಗಿನ ಪಕ್ಕದಲ್ಲೇ ಗುಡ್ಡೆಯಾಗಿ ನಿಂತಿತ್ತಂತೆ.

ಓಲ್ಡ್ ಸೌತಿಗೆ ಇನ್ನೂ ಅರ್ಧ ಗಂಟೆ ಸಿಕ್ಕಿದ್ದರೆ ಎಂದು ಅನಿಸದೆ ಇರಲಿಲ್ಲ. 1775ರಲ್ಲಿ ಬ್ರಿಟಿಷ್ ಸೈನ್ಯ ಇದೇ ಮಂದಿರದ ಆಸನಗಳನ್ನು ಕಿತ್ತು, ನೆಲಕ್ಕೆ ಮಣ್ಣು ಸುರಿದು, ಕುದುರೆ ಸವಾರಿಯ ಶಾಲೆ ಮಾಡಿತು. ಆ ಕಥೆಯನ್ನು ಬಾಗಿಲ ಬಳಿ ಹೊರಡುವ ಅವಸರದಲ್ಲಿ ಹೇಳಿದರು.

ದಕ್ಕೆಯಿದ್ದ ಜಾಗವನ್ನು ಸಮುದ್ರ ತುಂಬಿಸಿ ನೆಲ ಮಾಡಿದ್ದಾರೆ. ಈಗ ಅಲ್ಲಿರುವುದು ಒಂದು ಕಟ್ಟಡದ ಗೋಡೆಯ ಮೇಲಿನ ಫಲಕ ಮಾತ್ರ. ಅಲ್ಲಿ ನಿಂತು 1774ರ ದಂಡನೆಯ ಕಾಯ್ದೆಗಳ ಬಗ್ಗೆ ಕೇಳಿದೆವು. ಜೂನ್ 1ರಿಂದ ಬಾಸ್ಟನ್ ಬಂದರು ಬಂದ್ ಆಯಿತು, ಗವರ್ನರ್ ಅನುಮತಿಯಿಲ್ಲದೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಊರಸಭೆ ನಡೆಸುವಂತಿಲ್ಲ ಎಂದಾಯಿತು. ಲಂಡನ್ನು ಕೊನೆಗೂ ಸಮಿತಿಗಳ ಬಲವನ್ನು ಗುರುತಿಸಿತ್ತು, ಆದರೆ ಸಮಯ ಮೀರಿತ್ತು. ಸೆಪ್ಟೆಂಬರ್ 5ರಂದು 12 ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿ ವ್ಯಾಪಾರ ಬಹಿಷ್ಕಾರ ಘೋಷಿಸಿದರು, ಅದನ್ನು ಜಾರಿಗೊಳಿಸಲು ಊರೂರಿಗೆ ಸಮಿತಿಗಳನ್ನು ಆರಿಸಲು ಹೇಳಿದರು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಯುದ್ಧದ ಮೊದಲ ಗುಂಡು ಹಾರುವ ಹೊತ್ತಿಗೆ ಮ್ಯಾಸಚೂಸೆಟ್ಸಿನ ಹಳ್ಳಿಗಾಡಿನ ಆಡಳಿತ ಬಹುಮಟ್ಟಿಗೆ ರಾಜನ ಅಧಿಕಾರಿಗಳ ಕೈಬಿಟ್ಟುಹೋಗಿತ್ತು.

ಪ್ರವಾಸ ಸ್ವಾತಂತ್ರ್ಯ ಘೋಷಣೆಯ ವರ್ಷವಾದ 1776ರಲ್ಲಿ ನಿಲ್ಲುತ್ತದೆ, ಅದೇ ನನ್ನ ಮುಖ್ಯ ಆಕ್ಷೇಪ. ತೆರಿಗೆಯನ್ನೇ ವಿಷಯವಾಗಿ ಆರಿಸಿಕೊಂಡವರು ಇನ್ನು ಹತ್ತು ವರ್ಷ ಮುಂದೆ ಹೋಗಲೇಬೇಕಿತ್ತು. ಯುದ್ಧದ ಸಾಲ ತೀರಿಸಲು ಮ್ಯಾಸಚೂಸೆಟ್ಸಿನ ಸ್ವಂತ ಶಾಸನಸಭೆ ಹಾಕಿದ ತೆರಿಗೆಗಳನ್ನು ನಾಣ್ಯದಲ್ಲಿ ಕಟ್ಟಲಾಗದೆ ಪಶ್ಚಿಮ ಭಾಗದ ರೈತರು 1786ರಲ್ಲಿ ನ್ಯಾಯಾಲಯಗಳನ್ನು ಮುಚ್ಚಿಸಿದರು. ಅವರ ನಾಯಕರಲ್ಲೊಬ್ಬರಾದ ಡೇನಿಯಲ್ ಶೇಸ್ ಕ್ರಾಂತಿಯ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು. ಆ ದಂಗೆಯನ್ನು ಅತ್ಯಂತ ಕಠಿಣವಾಗಿ ಹತ್ತಿಕ್ಕಬೇಕೆಂದವರಲ್ಲಿ ಸ್ಯಾಮ್ಯುಯೆಲ್ ಆಡಮ್ಸ್ ಇದ್ದರು. ಪ್ರಾತಿನಿಧ್ಯವಿದ್ದಾಗ ತೆರಿಗೆಯ ವಿರುದ್ಧ ಏಳುವುದು ತಪ್ಪು ಎಂಬ ಅವರ ನಿಲುವು ಅವರ ಹಿಂದಿನ ವಾದಕ್ಕೆ ಪೂರ್ತಿ ಹೊಂದುತ್ತದೆ. ಹೊಲ ಕಳೆದುಕೊಳ್ಳುತ್ತಿದ್ದ ರೈತನಿಗೆ ಅದು ಹೊಂದಿತೇ ಎಂಬುದೇ ಕಠಿಣವಾದ ಪ್ರಶ್ನೆ. ಬೆಳಗ್ಗೆ ಅಷ್ಟು ಎಚ್ಚರದಿಂದ ಕಟ್ಟಿದ ವಾದಕ್ಕೆ ಈ ಪರೀಕ್ಷೆ ಬೇಕಿತ್ತು. ಗ್ರ್ಯಾನರಿ ಸ್ಮಶಾನದಲ್ಲಿ ಆಡಮ್ಸ್ ಅವರ ಸಮಾಧಿಯ ಮುಂದೆ ನಿಂತಾಗಲಾದರೂ ಹೇಳಬಹುದಿತ್ತು.

ಹೋಗುವವರಿಗೆ ಕೆಲವು ಉಪಯುಕ್ತ ಸೂಚನೆಗಳು. ಓಲ್ಡ್ ಸ್ಟೇಟ್ ಹೌಸ್ ಮತ್ತು ಓಲ್ಡ್ ಸೌತ್ ಎರಡಕ್ಕೂ ಪ್ರವೇಶ ಶುಲ್ಕವಿದೆ. ಅದು ಪ್ರವಾಸದ ದರದಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬಂದರಿನ ಗಾಳಿ ಚಳಿಗಾಲದಲ್ಲಿ ಬಹಳ ಕಠಿಣ. ಬೆಳಗಿನ ತಂಡವನ್ನೇ ಆರಿಸಿಕೊಂಡರೆ ಗುಂಡಿನ ವೃತ್ತದ ಬಳಿ ಗದ್ದಲ ಕಡಿಮೆಯಿರುತ್ತದೆ, ಮಾತುಗಳು ಕಿವಿಗೆ ಬೀಳುತ್ತವೆ. ಚಿಕ್ಕ ಮಕ್ಕಳಿಗೆ ಈ ನಡಿಗೆ ಭಾರವಾದೀತು. ಕಾಂಗ್ರೆಸ್ ಬೀದಿಯ ಸೇತುವೆಯ ಬಳಿ ಹಡಗುಗಳ ಪ್ರತಿಕೃತಿಗಳಿರುವ ಚಹಾ ವಸ್ತುಸಂಗ್ರಹಾಲಯದಲ್ಲಿ ಅವರೇ ಪೆಟ್ಟಿಗೆ ಎತ್ತಿ ನೀರಿಗೆ ಎಸೆಯಬಹುದು. ದೊಡ್ಡವರು ಮಾತ್ರ ಮೊದಲು ಈ ನಡಿಗೆ ಮುಗಿಸಿ, ಆ ಮೇಲೆ ಅಲ್ಲಿಗೆ ಹೋಗುವುದು ಒಳ್ಳೆಯದು. ಪೆಟ್ಟಿಗೆ ಎಸೆಯುವ ಮುನ್ನ ಅಷ್ಟು ವರ್ಷ ಏನೆಲ್ಲ ನಡೆದಿತ್ತೆಂಬುದು ಆಗ ಗೊತ್ತಿರುತ್ತದೆ.